ನಲವತ್ತು ಆಂಪಿಯರ್

ಮಾರ್ಚ್ 3, ಮಂಗಳವಾರ

ಅಲ್ಲ, ಅದನ್ನೇ ತಾನೇ ನಾನೂ ಹೇಳ್ತಿರೋದು, ಆಂಪ್ಲಿಫೈಯರಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಮೂರು ಸಾವಿರ ವ್ಯಾಟ್ ಅಂತ ಬರ್ದಿದ್ಮೇಲೆ ಅದು ಮೂರು ಸಾವಿರ ವ್ಯಾಟೇ! ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನಾನಲ್ಲ. ಪುರಾವೆ ಇದೆ. ಡಬ್ಬದ ಮೇಲೇ ಇದೆ.

ಕಾರ್ ಆಡಿಯೋ ಗ್ರೂಪಲ್ಲಿ 'ತಕರಾರು' ಅಂತ ಒಂದು ಪ್ರಾಣಿ ಇದೆ. ನಿಜವಾದ ಹೆಸ್ರು ಯಾರಿಗೂ ಗೊತ್ತಿಲ್ಲ. ನಾನು ಹೊಸ ಆಂಪ್ಲಿಫೈಯರ್ ಫೋಟೋ ಹಾಕಿದ್ದೇ ತಡ, "ಬ್ರೋ, ಹಿಂದೆ ತಿರುಗ್ಸಿ ಫ್ಯೂಸ್ ಎಷ್ಟಿದೆ ನೋಡು" ಅಂತ ಬಂತು. ಅಭಿನಂದನೆ ಇಲ್ಲ, ಬೆಂಕಿ ಇಮೋಜಿ ಇಲ್ಲ, ಏನಿಲ್ಲ. ಗುಡುಗು ಗುರು ನೋಡಿ ಕಲೀಬೇಕು. ನಮ್ಮ ಗ್ರೂಪಿನ ದೊಡ್ಡ ತಲೆ, ಅವನ ಕಾರಿನ ಸದ್ದಿಗೆ ಪಕ್ಕದ ಕಾರುಗಳ ಅಲಾರಂ ಹೊಡ್ಕೊಳ್ಳತ್ತೆ. ಅವನೇ "ಸ್ವಾಗತ ಬ್ರೋ, ಇನ್ನು ಭೂಕಂಪ" ಅಂತ ಬರ್ದ. ನಾನು ಬ್ರೋ ಅಲ್ಲ ಅಂತ ತಿದ್ದೋಕೆ ಹೋಗಿಲ್ಲ. ತಿದ್ದಿದ್ರೆ ನಾಳೆಯಿಂದ 'ಸಿಸ್ಟರ್' ಶುರುವಾಗತ್ತೆ, ಆಮೇಲೆ ಯಾರೂ ನೆಟ್ಟಗೆ ಜಗಳ ಆಡಲ್ಲ.

ಇಪ್ಪತ್ತೊಂಬತ್ತಕ್ಕೆ ಗ್ರೂಪಿನ ಮೀಟ್. ಯಾರ ಕಾರು ಎಷ್ಟು ಜೋರು ಅಂತ ಮೀಟರ್ ಇಟ್ಟು ಅಳೀತಾರೆ. ಡಿಗ್ರಿ ಪರೀಕ್ಷೆಯ ರಿಸಲ್ಟ್ ಬರೋವರೆಗೂ ನನಗೇನೂ ಕೆಲಸ ಇಲ್ಲ. ಹೋಗ್ಲೇಬೇಕು.

ಕಾರು ಚಿಕ್ಕಮ್ಮನದು. ನನ್ನನ್ನ ಸಾಕಿದವಳು, ಒಂದೇ ಕಾರು ಒಬ್ಬಳೇ ಟೀಚರ್ ಇರೋ ಡ್ರೈವಿಂಗ್ ಸ್ಕೂಲಿನ ಒಡತಿ. ನಮ್ಮ ಬಡಾವಣೆಯಲ್ಲಿ ಅರ್ಧ ಜನಕ್ಕೆ ಕ್ಲಚ್ ಬಿಡೋದು ಕಲಿಸಿದ್ದು ಅವಳೇ. ಪಕ್ಕದ ಸೀಟಲ್ಲಿ ಅವಳ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆ. ಇಂಥ ಕಾರಿಗೆ ಸಿಸ್ಟಂ ಹಾಕ್ತೀನಿ ಅಂದ್ರೆ ಚಪ್ಪಲಿ ತಗೋತಾಳೆ ಅಂದ್ಕೊಂಡಿದ್ದೆ. ಅವಳು ಅಂದಿದ್ದೇನು ಗೊತ್ತಾ?

"ಡಿಕ್ಕಿ ನಿಂದು, ಬಾನೆಟ್ಟು ನಂದು. ಹಾಕೋದಾದ್ರೆ ಜೋರಾಗಿರೋದೇ ಹಾಕು. ಲೆಸನ್ ಹೊತ್ತಲ್ಲೂ ಇರ್ಲಿ, ಕಲಿಯೋರಿಗೆ ಸ್ವಲ್ಪ ಧೈರ್ಯ ಬರತ್ತೆ."

ಲೆಸನ್ ಹೊತ್ತಲ್ಲೂ! ಯಾರಿಗಿದ್ದಾಳೆ ಇಂಥ ಚಿಕ್ಕಮ್ಮ!


ಮಾರ್ಚ್ 6, ಶುಕ್ರವಾರ

ಹಾಕ್ದೆ. ಬೆನ್ನು ಸೊಟ್ಟಗಾಗಿದೆ, ಬೆರಳು ಸುಲಿದಿದೆ, ಆದ್ರೆ ಹಾಕ್ದೆ.

ಬ್ಯಾಟರಿಯಿಂದ ಡಿಕ್ಕಿವರೆಗೆ ಕೆಂಪು ವಯರು, ಚಿಕ್ಕಮ್ಮನ ಕಾಲಡಿಯ ಕಾರ್ಪೆಟ್ ಕೆಳಗಿಂದ ಎಳ್ಕೊಂಡು ಬಂದೆ. ಬ್ಯಾಟರಿ ಪಕ್ಕ ಒಂದು ಫ್ಯೂಸು, ನಲವತ್ತು ಆಂಪಿಯರ್ದು. ವಯರಿನ ಪ್ಯಾಕೆಟ್ ಮೇಲೆ ನಲವತ್ತಕ್ಕಿಂತ ಜಾಸ್ತಿ ಬೇಡ ಅಂತಿತ್ತು, ಅದಕ್ಕೇ. ಎಲ್ಲ ಸ್ಪೀಕರಿಗೂ ಕರೆಂಟು ಈಗ ಆ ಒಂದೇ ದಾರಿ. ಡಿಕ್ಕಿಯಲ್ಲಿ ತಗ್ಗಿನ ಗುಡುಗಿಗೆ ಸಬ್‌ವೂಫರ್, ಬಾಗಿಲಲ್ಲಿ ಹೊಸ ಸ್ಪೀಕರು, ಕನ್ನಡಿ ಹತ್ರ ಕೀರಲು ಸ್ವರಕ್ಕೆ ಬಟನ್ನಿನಷ್ಟು ದೊಡ್ಡ ಟ್ವೀಟರು.

ಮೊದಲನೇ ಬೀಟ್ ಬಿದ್ದಾಗ... ಬರೆಯೋಕೆ ಬರ್ತಿಲ್ಲ. ಹಿಂದಿನ ಕನ್ನಡಿಯಲ್ಲಿದ್ದ ಬೀದಿ ಪೂರ್ತಿ ನಡುಗಿ ಮಸುಕಾಯ್ತು. ಬಾಟಲಿ ನೀರಲ್ಲಿ ಬಳೆ ಬಳೆ ಥರ ಅಲೆ ಎದ್ವು. ಎದೆಗೂಡಿನ ಒಳಗಡೆಯಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ಗಾಳಿಗೆ ಕೈ ಇರತ್ತೆ ಅಂತ ಇವತ್ತೇ ಗೊತ್ತಾಗಿದ್ದು.

ಚಿಕ್ಕಮ್ಮ ಹೊರಗೆ ಬಂದ್ಲು, ಚಪ್ಪಲಿ ಬಿಟ್ಟು ಒಳಗೆ ಕೂತ್ಲು. ಕಾರು ಹತ್ತಿದ ಕೂಡ್ಲೇ ಚಪ್ಪಲಿ ಬಿಡೋದು ಇತ್ತೀಚೆಗೆ ಅವಳ ಹೊಸ ಅಭ್ಯಾಸ. ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಹಾಡು ಮುಗಿಯೋವರೆಗೂ ಹಾಗೇ ಇದ್ಲು.

"ಇದು ಕೇಳ್ಸತ್ತೆ ಕಣೆ," ಅಂದ್ಲು.

ಕೇಳ್ಸದೆ ಏನು, ಮೂರು ಬೀದಿಗೆ ಕೇಳ್ಸತ್ತೆ!


ಮಾರ್ಚ್ 8, ಭಾನುವಾರ

ಒಂದು ಕೆಟ್ಟ ಸುದ್ದಿ. ತಕರಾರು ಗೆದ್ದಿದೆ.

ಆಂಪ್ಲಿಫೈಯರ್ ಹಿಂಭಾಗದಲ್ಲಿ ಮೂವತ್ತು ಆಂಪಿಯರ್ ಫ್ಯೂಸು ಎರಡು. ಒಟ್ಟು ಅರವತ್ತು. ತಕರಾರು ಬರೆದಿದ್ದು ಇಷ್ಟೇ: "ಅರವತ್ತನ್ನ ಹದಿನಾಲ್ಕು ವೋಲ್ಟಿಂದ ಗುಣ್ಸು. ಬಂದಿದ್ರಲ್ಲಿ ಕಾಲುಭಾಗ ಬಿಸಿಗೆ ಬಿಟ್ಬಿಡು." ಎಂಟುನೂರ ನಲವತ್ತು. ಕಾಲುಭಾಗ ತೆಗೆದ್ರೆ ಆರುನೂರ ಮೂವತ್ತು. ಮೂರು ಸಾವಿರ ಎಲ್ಲಿಂದ ಬರ್ಬೇಕು? ಅಷ್ಟು ಬರ್ಬೇಕಂದ್ರೆ ಇನ್ನೂರಕ್ಕೂ ಜಾಸ್ತಿ ಆಂಪಿಯರ್ ಎಳೀಬೇಕು. ನಮ್ಮ ಕಾರು ಹುಟ್ಟಿಸೋದೇ ಅರವತ್ತೈದು. ಅದರಲ್ಲೇ ಲೈಟು, ವೈಪರು, ಹಾರ್ನು, ಸಂಸಾರ ಎಲ್ಲ ನಡೀಬೇಕು. ಅದರ ಮೇಲೆ ನನ್ನ ವಯರು ಬೇರೆ ನಲವತ್ತಕ್ಕೇ ಕೈಮುಗಿಯತ್ತೆ.

ಒಂದು ಗಂಟೆ ಉರ್ಕೊಂಡು ಕೂತಿದ್ದೆ. ಆಮೇಲೆ ಒಂದು ಬಿಡಿ ಫ್ಯೂಸನ್ನ ಬೆಳಕಿಗೆ ಹಿಡಿದು ನೋಡ್ದೆ. ಬಣ್ಣದ ಪ್ಲಾಸ್ಟಿಕ್, ಒಳಗೆ ಉಗುರಿನ ಚೂರಿನಷ್ಟು ತಗಡು. ಡಬ್ಬದ ಮೇಲೆ ಏನು ಬೇಕಾದ್ರೂ ಅಚ್ಚು ಹಾಕ್ಬಹುದು. ಈ ತಗಡಿಗೆ ಮಾತ್ರ ಸುಳ್ಳು ಹೇಳೋಕೆ ಬರಲ್ಲ. ಹೆಚ್ಚಾದ್ರೆ ಸಾಯತ್ತೆ, ಅಷ್ಟೇ. ಅಬ್ಬಾ ಅನ್ನಿಸ್ತು ನಿಜವಾಗ್ಲೂ.

ಊಟದ ಹೊತ್ತಲ್ಲಿ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳ್ದೆ. "ತಕರಾರಿಗೆ ಉತ್ತರ ಕೊಡೋದೂ ಒಂದೇ, ಕಿವುಡನ ಮುಂದೆ ಕಿನ್ನರಿ ಬಾರ್ಸೋದೂ ಒಂದೇ" ಅಂತ ಜೋಕ್ ಬೇರೆ ಹೊಡ್ದೆ. ಅವಳು ನಗ್ಲಿಲ್ಲ. ತಟ್ಟೆ ಎತ್ಕೊಂಡು ಎದ್ದು ಹೋದ್ಲು. ಮುಂದಿನ ತಿಂಗಳು ಡ್ರೈವಿಂಗ್ ಕಲಿಸೋ ಲೈಸೆನ್ಸ್ ರಿನ್ಯೂ ಮಾಡಿಸ್ಬೇಕಂತೆ, ಡಾಕ್ಟರ್ ಸರ್ಟಿಫಿಕೇಟ್ ಬೇಕಂತೆ. ಅದರ ತಲೆಬಿಸಿ ಇರ್ಬೇಕು. ಅದು ಸಿಗ್ಲಿಲ್ಲ ಅಂದ್ರೆ ಸ್ಕೂಲಿಗೆ ಬೀಗವೇ. ಆದ್ರೆ ಇವಳಿಗೆ ಸಿಗದೆ ಇನ್ಯಾರಿಗೆ ಸಿಗತ್ತೆ?


ಮಾರ್ಚ್ 12, ಗುರುವಾರ

ಟ್ವೀಟರ್ ಕೈ ಕೊಡ್ತಿದೆ.

ಇವತ್ತು ಟೋನ್ ಹಾಕಿ ಟೆಸ್ಟ್ ಮಾಡ್ದೆ. ಅಂದ್ರೆ ಫೋನಿಂದ ಒಂದೊಂದೇ ಸ್ವರ ಬಿಡೋದು, ತಗ್ಗಿಂದ ಮೇಲಕ್ಕೆ, ಯಾವುದು ಎಷ್ಟು ಕೇಳ್ಸತ್ತೆ ಅಂತ ನೋಡೋದು. ನಾನು ಡಿಕ್ಕಿ ಹತ್ರ, ಚಿಕ್ಕಮ್ಮ ಮುಂದೆ. ತಗ್ಗಿನದಕ್ಕೆಲ್ಲ ಹೆಬ್ಬೆರಳು ಎತ್ತಿದ್ಲು. ಮೇಲೆ ಹೋಗ್ತಾ ಹೋಗ್ತಾ ಬೆರಳು ನಿಂತೋಯ್ತು.

"ಹಾಕೇ ಮತ್ತೆ," ಅಂದ್ಲು.

"ಹಾಕಿದ್ದೀನಿ."

"ಎಲ್ಲಿ? ಕೂತ್ಕೊಂಡು ಬೇರು ಬಿಡ್ತು ನಂಗೆ."

ನನಗೆ ಹಿಂದೆ ನಿಂತೇ ಕಿವಿಗೆ ಸೂಜಿ ಚುಚ್ಚಿದ ಹಾಗೆ ಕೇಳ್ತಿದೆ! ಮುಂದೆ ಅವಳ ಮೂಗಿನೆದುರೇ ಟ್ವೀಟರ್ ಇದೆ, ಅವಳಿಗಿಲ್ಲ. ಟ್ವೀಟರ್ ಮುಖ ತಪ್ಪು ದಿಕ್ಕಿಗೆ ಇರ್ಬೇಕು ಅಂತ ಕಿತ್ತು ತಿರುಗ್ಸಿ ಅಂಟಿಸ್ದೆ. ಇಲ್ಲ. ವಯರು ಅದಲುಬದಲು ಮಾಡ್ದೆ. ಇಲ್ಲ. ಇಡೀ ಮಧ್ಯಾಹ್ನ ಹಾಳು.

ಗ್ರೂಪಲ್ಲಿ ಕೇಳ್ದೆ. ಗುಡುಗು ಗುರು: "ಪವರ್ ಸಾಲ್ತಿಲ್ಲ. ಗೇನ್ ಏರ್ಸು." ತಕರಾರು: "ನಿನಗೆ ಕೇಳ್ತಿದ್ರೆ ಟ್ವೀಟರ್ ಸರಿ ಇದೆ. ಕೇಳೋರನ್ನ ಬದಲಾಯಿಸಿ ನೋಡು."

ಎಂಥ ಅಹಂಕಾರ ನೋಡಿ! ಚಿಕ್ಕಮ್ಮನ್ನ ಎಲ್ಲಿ ಬದಲಾಯಿಸ್ಲಿ, ಅಂಗಡಿಗೆ ವಾಪಸ್ ಕೊಡೋಕಾಗತ್ತಾ? ಆಂಪ್ಲಿಫೈಯರಿನ ಗೇನ್ ತಿರುಪು ತಿರುಗ್ಸಿ ಸದ್ದಿನ ಜೋರು ಏರಿಸ್ದೆ.


ಮಾರ್ಚ್ 14, ಶನಿವಾರ

ಫ್ಯೂಸ್ ಹೋಯ್ತು. ಹೊಸದು ಹಾಕ್ದೆ, ಅದೂ ಹೋಯ್ತು.

"ಎಂಬತ್ತು ಹಾಕು ಬ್ರೋ, ಹೆದ್ರಬೇಡ" ಅಂದ ಗುರು. ಅವನ ಹಿಂದೆ ಹತ್ತು ಜನ "ಎಂಬತ್ತು ಎಂಬತ್ತು" ಅಂತ ಭಜನೆ. ಹಾಕ್ದೆ. ಏನು ಸದ್ದು! ಪಕ್ಕದ ಕಾಂಪೌಂಡಿನ ಬೆಕ್ಕು ಗೋಡೆ ಹಾರಿದ್ದು ಇನ್ನೂ ವಾಪಸ್ ಬಂದಿಲ್ಲ.

ಚಿಕ್ಕಮ್ಮ ಪಕ್ಕದ ಸೀಟಲ್ಲಿ ಕಣ್ಣುಮುಚ್ಚಿ ಕೂತಿದ್ಲು, ಎಂದಿನಂತೆ ಬರಿಗಾಲು. ಇದ್ದಕ್ಕಿದ್ದ ಹಾಗೆ ಕಾಲು ಮೇಲೆತ್ತಿದ್ಲು.

"ಆಫ್ ಮಾಡು."

"ಯಾಕೆ, ಜಾಸ್ತಿ ಆಯ್ತಾ?"

"ಆಫ್ ಮಾಡೇ ಗೂಬೆ! ಕಾರ್ಪೆಟ್ ಬೆಚ್ಚಗಾಗಿದೆ."

ನಾನು ಕೈ ಇಟ್ಟು ನೋಡಿದ್ರೆ ಏನೂ ಗೊತ್ತಾಗ್ಲಿಲ್ಲ. ಕಾರ್ಪೆಟ್ ಎತ್ತಿದ್ಮೇಲೆ ಗೊತ್ತಾಯ್ತು. ವಯರಿನ ಕೆಂಪು ಸಿಪ್ಪೆ ಮೆತ್ತಗಾಗಿತ್ತು, ಒತ್ತಿದ್ರೆ ಉಗುರಿನ ಗುರುತು ಬೀಳೋ ಹಾಗೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಅವಳ ಕಾಲಡಿಯಲ್ಲೇ ಬೆಂಕಿ.

ವಯರಿನ ಫೋಟೋ ಗ್ರೂಪಲ್ಲಿ ಹಾಕ್ದೆ. ಗುರು ನೋಡಿದ, ಎಂಬತ್ತು ಅಂದಿದ್ದ ಮೆಸೇಜ್ ಅಳಿಸ್ದ. ತಕರಾರು ಬರೀತು: "ಫ್ಯೂಸ್ ಇರೋದು ಆಂಪ್ಲಿಫೈಯರ್ ಕಾಯೋಕಲ್ಲ, ವಯರ್ ಕಾಯೋಕೆ. ಅದು ಹೋದಾಗ್ಲೆಲ್ಲ ನಿನ್ನ ಕಾರು ಉಳಿದಿದೆ ಅಂತ ಲೆಕ್ಕ. ನೀನು ಸರಿ ಇದ್ದೀಯಾ?" ಮೊದಲ ಸಲ ಒಂದು ಒಳ್ಳೆ ಮಾತು.

ಹೊಸ ವಯರು ಎಳ್ದೆ, ಮತ್ತೆ ನಲವತ್ತರದ್ದೇ ಫ್ಯೂಸು. ಆದ್ರೆ ನನಗೆ ಆಶ್ಚರ್ಯ ಅದಲ್ಲ. ನನ್ನ ಕೈಗೆ ಗೊತ್ತಾಗದಿದ್ದು ಅವಳ ಪಾದಕ್ಕೆ ಹೇಗೆ ಗೊತ್ತಾಯ್ತು?


ಮಾರ್ಚ್ 17, ಮಂಗಳವಾರ

ಚಿಕ್ಕಮ್ಮನಿಗೆ ವಯಸ್ಸಾಗ್ತಿದೆ, ರೇಗಿಸೋಕೆ ಒಳ್ಳೆ ಸರಕು ಸಿಕ್ತು. ಬೆಳಗ್ಗೆ ಎಂಜಿನ್ ಓಡ್ತಾ ಇರೋವಾಗ್ಲೇ ಮತ್ತೆ ಕೀ ತಿರುಗ್ಸಿದ್ಲು. ಕಿರ್ರ್ರ್ ಅಂತ ಹಲ್ಲು ಕಡಿದ ಸದ್ದು. ಮೊದಲ ದಿನದ ಕಲಿಕೆಯವರು ಮಾಡೋ ತಪ್ಪು! ಆಮೇಲೆ ಇಂಡಿಕೇಟರ್ ಹಾಕ್ಕೊಂಡು ತಿರುವು ಮುಗಿದ್ರೂ ಆಫ್ ಮಾಡದೆ ಇಡೀ ಬೀದಿ ಬಂದ್ಲು. "ಏನು ಟೀಚರಮ್ಮ, ಮದುವೆ ದಿಬ್ಬಣನಾ?" ಅಂದೆ. "ಹ್ಞಾಂ, ಹಾಲು ತಗೊಂಡೆ," ಅಂದ್ಲು.

ಬಿದ್ದು ಬಿದ್ದು ನಕ್ಕೆ. ಅವಳೂ ನಕ್ಕಳು, ನನ್ನ ಬಾಯನ್ನೇ ನೋಡ್ತಾ.


ಮಾರ್ಚ್ 19, ಗುರುವಾರ

ಆಗಿದ್ದನ್ನ ಆದ ಹಾಗೇ ಬರೀತೀನಿ.

ಬೆಳಗ್ಗೆ ಲೆಸನ್‌ಗೆ ಮುಂಚೆ ಫ್ಯೂಸ್ ಮತ್ತೆ ಹೋಗಿತ್ತು. ಬಿಡಿ ಫ್ಯೂಸ್ ಖಾಲಿ. ಸುಟ್ಟಿದ್ದನ್ನ ಕಿತ್ತು, ಅಂಗಡಿಯಲ್ಲಿ ತೋರಿಸೋಣ ಅಂತ ಜೇಬಿಗೆ ಹಾಕ್ಕೊಂಡೆ. ಅಷ್ಟರಲ್ಲಿ ಬೇಕರಿಯವರು ಬಂದ್ರು. ಕಲಿಯೋಕೆ ಬರ್ತಿರೋರು, ದಪ್ಪ ಮನುಷ್ಯ, ಸ್ಟಿಯರಿಂಗನ್ನ ಹಿಟ್ಟು ನಾದೋ ಹಾಗೆ ನಾದ್ತಾರೆ. ದಾರಿಯಲ್ಲಿ ಅಂಗಡಿ ಹತ್ರ ಇಳ್ಕೊಳ್ಳೋಣ ಅಂತ ನಾನೂ ಹಿಂದೆ ಹತ್ತಿದೆ. ಚಿಕ್ಕಮ್ಮ ಅವರ ಪಕ್ಕ ಕೂತು ಸ್ಟೀರಿಯೋ ಬಟನ್ ಒತ್ತಿದ್ಲು. ಸ್ಟೀರಿಯೋಗೆ ಕರೆಂಟು ಬೇರೆ ವಯರಿಂದ ಬರತ್ತೆ, ಹಾಗಾಗಿ ನೀಲಿ ಲೈಟು ಬಂತು, ಹಾಡಿನ ಹೆಸ್ರು ಓಡೋಕೆ ಶುರುವಾಯ್ತು. ಸದ್ದು ಬರಲ್ವಲ್ಲ, ಕೇಳಿದ್ರೆ ಫ್ಯೂಸ್ ಹೋಗಿದೆ ಅಂತ ಹೇಳೋಣ ಅಂತ ನಾನು ಸುಮ್ನಿದ್ದೆ.

ಅವಳು ಕೇಳ್ಲೇ ಇಲ್ಲ.

ಶಾಲೆ ಹಿಂದಿನ ತಿರುವು. ಬೇಕರಿಯವರು ಚಿಕ್ಕಮ್ಮನ ಕಡೆಗೆ ತಿರುಗಿಸ್ತಿದ್ರು. ಅದೇ ಬದಿಯಲ್ಲಿ, ಅವಳ ಕಿಟಕಿಗೆ ಅಂಟ್ಕೊಂಡ ಹಾಗೆ ಒಂದು ಸೈಕಲ್. ಓಡಿಸ್ತಿದ್ದವಳು ಒಬ್ಬ ಹುಡುಗಿ, ಹಿಂದೆ ಕ್ಯಾರಿಯರ್ ಮೇಲೆ ಅವಳ ಪುಟ್ಟ ತಮ್ಮ. ಬೆಲ್ ಹೊಡೀತಿದ್ಲು. ಟ್ರಿಣ್ ಟ್ರಿಣ್ ಟ್ರಿಣ್, ಬಿಡದೇ. ಕಿಟಕಿ ತೆಗೆದಿತ್ತು. ಬೆಲ್ ಚಿಕ್ಕಮ್ಮನ ಕಿವಿಯಿಂದ ಒಂದು ಮೊಳ ದೂರ.

ಅವಳು ನೇರ ಮುಂದೆ ನೋಡ್ತಾ "ತಿರುಗ್ಸಿ, ತಿರುಗ್ಸಿ, ಚೆನ್ನಾಗಿದೆ" ಅಂತಿದ್ಲು.

"ಚಿಕ್ಕಮ್ಮಾ ಬ್ರೇಕ್!" ನಾನು ಅವಳ ಭುಜ ಹಿಡಿದು ಕಿರುಚಿದೆ. ಅವಳ ಕಾಲು ಬ್ರೇಕಿಗೆ ಹೋಗಿದ್ದು ಕಾಣ್ಲೇ ಇಲ್ಲ, ಕಾರು ನಿಂತೇಹೋಯ್ತು. ಸೈಕಲ್ಲಿನ ಹ್ಯಾಂಡಲ್ಲು ಬಾಗಿಲಿಗೆ ಸವರಿತು. ಹುಡುಗಿ ಕಾಲೂರಿ ನಿಂತ್ಲು. ತಮ್ಮ ಅಳೋಕೂ ಮರೆತು ನಮ್ಮನ್ನೇ ನೋಡ್ತಿದ್ದ. "ಎಷ್ಟು ಬೆಲ್ ಹೊಡ್ದೆ ಆಂಟಿ!" ಅಂದ್ಲು ಹುಡುಗಿ. ಆಮೇಲೆ ಹೊರಟೋದ್ರು.

ಚಿಕ್ಕಮ್ಮ ನನ್ನ ಕಡೆ ತಿರುಗಿದ್ಲು. ಮುಖ ಸುಣ್ಣ.

"ಎಲ್ಲ ನಿನ್ನಿಂದ! ಆ ಹಾಡಿನ ಗಲಾಟೆಯಲ್ಲಿ ಬೆಲ್ಲು ಎಲ್ಲಿ ಕೇಳ್ಸತ್ತೆ? ನಿಲ್ಸು ಮೊದ್ಲು!" ಅಂತ ತಾನೇ ಕೈ ಚಾಚಿ ಬಟನ್ ಒತ್ತಿ ಆಫ್ ಮಾಡಿದ್ಲು.

ಏನೂ ಇರ್ಲಿಲ್ಲ ಆಫ್ ಮಾಡೋಕೆ. ಕಾರಲ್ಲಿ ಸದ್ದೇ ಇರ್ಲಿಲ್ಲ. ಬೇಕರಿಯವರು ಕನ್ನಡಿಯಲ್ಲಿ ನನ್ನನ್ನ ನೋಡಿದ್ರು. ನಾನು ಅವರನ್ನ ನೋಡ್ದೆ.

ಫ್ಯೂಸು ನನ್ನ ಜೇಬಲ್ಲಿತ್ತು.


ಮಾರ್ಚ್ 20, ಶುಕ್ರವಾರ

ಅಡುಗೆಮನೆ ಮೇಜಿನ ಮೇಲೆ ಫ್ಯೂಸ್ ಇಟ್ಟೆ.

"ಇದು ನಿನ್ನೆ ಬೆಳಗ್ಗೆಯಿಂದ ನನ್ನ ಹತ್ರಾನೇ ಇದೆ ಚಿಕ್ಕಮ್ಮ."

ಅವಳು ಅದನ್ನ ಎತ್ಕೊಂಡು ಬೆಳಕಿಗೆ ಹಿಡಿದ್ಲು. ಒಳಗಿನ ತಗಡು ನಡುವೆ ಕಪ್ಪಗಾಗಿ ತುಂಡಾಗಿದ್ದು ಕಾಣ್ತಿತ್ತು. ಅವಳಿಗೆ ಕಾರು ಗೊತ್ತು. ಬಿಡಿಸಿ ಹೇಳೋದೇನೂ ಬೇಕಿರ್ಲಿಲ್ಲ. "ಲೈಟು ಉರೀತಿತ್ತಲ್ಲ, ಹಾಡು ಇದೆ ಅಂದ್ಕೊಂಡೆ, ನನ್ನ ಗಮನ ಪೂರ್ತಿ ಬೇಕರಿಯವರ ಕ್ಲಚ್ ಮೇಲಿತ್ತು," ಅಂದ್ಲು.

"ಯಾವಾಗಿಂದ?" ಅಂದೆ, ನಿಧಾನಕ್ಕೆ, ಅವಳಿಗೆ ನನ್ನ ಬಾಯಿ ಕಾಣೋ ಹಾಗೆ.

"ಯಾವಾಗಿಂದ ಅಂದ್ರೆ ಹೆಂಗೆ ಹೇಳ್ಲೇ. ಬಲ್ಬ್ ಆರಿದ ಹಾಗಾ ಇದು? ಮೊದ್ಲು ಹಕ್ಕಿ ಹೋಯ್ತು. ಆಮೇಲೆ ಕುಕ್ಕರ್ ಸೀಟಿ. ಆಮೇಲೆ ನೀನು ಅರ್ಧರ್ಧ." ಫ್ಯೂಸನ್ನ ಮೇಜಿನ ಮೇಲೆ ಇಟ್ಟು ಮುಂದುವರಿಸಿದ್ಲು: "ನಿನ್ನ ಹಾಡು ಹಾಕಿದ್ರೆ ಎಲ್ರೂ ಕಿರುಚ್ಕೊಂಡು ಮಾತಾಡ್ತಾರೆ. ನಾನು ಏನಂದ್ರಿ ಅಂತ ಕೇಳಿದ್ರೆ ಯಾರೂ ವಿಚಿತ್ರವಾಗಿ ನೋಡಲ್ಲ."

ಹಾಗಾದ್ರೆ ಲೆಸನ್ ಹೊತ್ತಲ್ಲೂ ಇರ್ಲಿ ಅಂದಿದ್ದು ಇದಕ್ಕೇ.

"ಮತ್ತೆ ಇಷ್ಟು ದಿನ ಹೇಗೆ ಕಲಿಸ್ತಿದ್ದೆ?"

"ಕಾಲಲ್ಲಿ," ಅಂದ್ಲು, ಅದೇನು ದೊಡ್ಡ ವಿಷಯ ಅನ್ನೋ ಹಾಗೆ. "ಎಂಜಿನ್ ಒದ್ದಾಡ್ತಿದ್ರೆ ಅಂಗಾಲಿಗೆ ಗೊತ್ತಾಗತ್ತೆ. ಗೇರ್ ಸರಿ ಕೂರ್ದೆ ಇದ್ರೆ ಮೊಣಕಾಲಿಗೆ. ಲಾರಿ ಹಿಂದೆ ಬಂದ್ರೆ ಸೀಟು ಹೇಳತ್ತೆ. ಸೈಕಲ್ಲಿಗೆ ತೂಕ ಇಲ್ಲ ನೋಡು. ಅದು ಯಾರಿಗೂ ಏನೂ ಹೇಳಲ್ಲ."

ಒಂದು ಪೂರ್ತಿ ಕಾರನ್ನ, ಒಂದು ಪೂರ್ತಿ ಬೀದಿಯನ್ನ ಇವಳು ಚರ್ಮದಲ್ಲಿ ಕೇಳ್ತಿದ್ಲು. ಯಾವ ಡಬ್ಬದ ಮೇಲೂ ಇದನ್ನ ಬರ್ದಿಲ್ಲ.

ಅವಳು ಫೋನ್ ಎತ್ಕೊಂಡು ಕಲಿಯೋರಿಗೆಲ್ಲ ಮೆಸೇಜ್ ಹಾಕಿದ್ಲು, ನನ್ನೆದುರೇ: "ನನ್ನ ಕಿವಿ ಸರಿಯಿಲ್ಲ. ಸರಿ ಆಗೋವರೆಗೂ ಲೆಸನ್ ಇಲ್ಲ." ಸುತ್ತಿಬಳಸಿ ಏನೂ ಇಲ್ಲ. ಕಳಿಸಿ ಆದ್ಮೇಲೆ ಕಾರಿನ ಕೀ ನನ್ನ ಮುಂದೆ ಇಟ್ಟು, "ಇದನ್ನ ಲೈಸೆನ್ಸ್ ಆಫೀಸಿನವರು ಕಿತ್ಕೊಳ್ಳೋಕೆ ಮುಂಚೆ ನಾನೇ ಇಟ್ಟಿದ್ದೀನಿ, ನೆನಪಿಟ್ಕೋ," ಅಂದ್ಲು. ಸ್ವರ ಗಟ್ಟಿಯಾಗಿತ್ತು.

ಬೇಕರಿಯವರಿಂದ ಉತ್ತರ ಬಂತು: "ನಾನು ಕಾಯ್ತೀನಿ ಟೀಚರ್. ಬೇರೆ ಯಾರ ಹತ್ರಾನೂ ನಂಗೆ ಕ್ಲಚ್ ಬಿಡೋಕೆ ಬರಲ್ಲ."


ಮಾರ್ಚ್ 25, ಬುಧವಾರ

ಕಿವಿ ಟೆಸ್ಟು. ಕಪಾಟಿನಂಥ ರೂಮು, ದಪ್ಪ ಬಾಗಿಲು, ಗೋಡೆಗೆಲ್ಲ ಸ್ಪಂಜು. ಬಾಗಿಲು ಹಾಕಿದ್ರೆ ನನ್ನ ರಕ್ತ ಓಡೋದು ನನಗೇ ಕೇಳ್ಸತ್ತೆ. ಟೆಸ್ಟ್ ಮಾಡೋ ಮೇಡಂ ಒಂದೊಂದೇ ಟೋನ್ ಬಿಟ್ರು. ಚಿಕ್ಕಮ್ಮ ಒಳಗಡೆ ಕೂತು ಕೇಳಿಸಿದ್ದಕ್ಕೆಲ್ಲ ಹೆಬ್ಬೆರಳು ಎತ್ತಿದ್ಲು. ತಗ್ಗಿನದು ಸರಿ. ಮೇಲೆ ಹೋಗ್ತಾ ಬೆರಳು ನಿಂತೋಯ್ತು. ಎಲ್ಲಿ ನಿಂತಿತು ಗೊತ್ತಾ? ಹನ್ನೆರಡನೇ ತಾರೀಖು ನಮ್ಮ ಕಾರಲ್ಲಿ ನಿಂತ ಜಾಗದಲ್ಲೇ. ನಾನು ಅವತ್ತೇ ಟೆಸ್ಟ್ ಮಾಡಿ ಮುಗಿಸಿದ್ದೆ. ಟ್ವೀಟರನ್ನ ಬೈತಾ ಕೂತಿದ್ದೆ.

ಮೇಡಂ ಹತ್ರ ಕೇಳ್ದೆ, ಪವರ್ ಜಾಸ್ತಿ ಮಾಡಿದ್ರೆ ಕೇಳ್ಸಲ್ವಾ ಅಂತ. ಅವರು ನಕ್ಕರು. ಪವರ್ ಎರಡರಷ್ಟು ಮಾಡಿದ್ರೂ ಕಿವಿಗೆ 'ಸ್ವಲ್ಪ ಏರಿತೇನೋ' ಅನ್ನಿಸತ್ತೆ ಅಷ್ಟೇ ಅಂತೆ. ಎರಡು ಪಟ್ಟು ಜೋರು ಅನ್ನಿಸ್ಬೇಕಂದ್ರೆ ಹತ್ತು ಪಟ್ಟು ಪವರ್ ಬೇಕಂತೆ. ಆ ಕಡೆ, ಒಳ್ಳೆ ಕಿವಿಗೆ ಕೇಳೋ ಅತೀ ಸಣ್ಣ ಸದ್ದಿಗೆ ಒಳಗಿನ ತಮಟೆ ಅಲ್ಲಾಡೋದು ಒಂದು ಪರಮಾಣುವಿನ ಅಗಲಕ್ಕಿಂತ ಕಮ್ಮಿಯಂತೆ. ಪರಮಾಣು! ನಾನು ಇಷ್ಟು ದಿನ ಡಿಕ್ಕಿಯಲ್ಲಿ ಹುಡುಕ್ತಿದ್ದ ಪವಾಡ ತಲೆಯ ಎರಡೂ ಪಕ್ಕ ನೇತಾಡ್ತಿತ್ತು.

ಬೇಕಿರೋದು ಎಲ್ಲವನ್ನೂ ಜೋರು ಮಾಡೋದಲ್ಲ, ಹೋಗಿರೋದನ್ನ ಮಾತ್ರ ಎತ್ತಿ ಕೊಡೋದು ಅಂದ್ರು. ಕಿವಿಗೆ ಹಾಕೋ ಮೆಷಿನ್ ಬರೋಕೆ ಟೈಮ್ ಇದೆ. ಅದನ್ನ ಹಾಕ್ಕೊಂಡು ಲೈಸೆನ್ಸಿನ ಸರ್ಟಿಫಿಕೇಟಿಗೆ ಮತ್ತೆ ಟೆಸ್ಟ್. ಪಾಸಾಗತ್ತೆ ಅಂತ ಮಾತು ಕೊಡೋಕಾಗಲ್ಲ ಅಂದ್ರು. ಚಿಕ್ಕಮ್ಮ ತಲೆ ಆಡಿಸಿದ್ಲು. ವಾಪಸ್ ಬರೋವಾಗ ಕಾರು ನಾನು ಓಡಿಸ್ದೆ. ಅವಳು ಪಕ್ಕದಲ್ಲಿ, ಬರಿಗಾಲು. "ಎರಡನೇ ಗೇರಿಗೆ ಬಾ, ಎಂಜಿನ್ ಅಳ್ತಿದೆ," ಅಂದ್ಲು. ಅಳ್ತಿತ್ತು. ನನಗೇ ಕೇಳಿಸಿರ್ಲಿಲ್ಲ.


ಮಾರ್ಚ್ 30, ಸೋಮವಾರ

ಅಯ್ಯೋ, ನಿನ್ನೆ ಮೀಟ್ ಇತ್ತಲ್ವಾ. ಗುರು ಗೆದ್ದನಂತೆ. ಒಳ್ಳೇದಾಯ್ತು.

ಗೇನ್ ಪೂರ್ತಿ ಇಳಿಸಿದ್ದೀನಿ. ಫ್ಯೂಸ್ ಆಮೇಲೆ ಒಂದ್ಸಲನೂ ಹೋಗಿಲ್ಲ. ತಕರಾರಿಗೆ ಚಿಕ್ಕಮ್ಮನ ವಿಷಯ ಹೇಳ್ದೆ. "ಕೇಳೋರನ್ನ ಬದಲಾಯಿಸು ಅಂದಿದ್ದು ತಮಾಷೆಗೆ. ಕ್ಷಮಿಸು" ಅಂತ ಬಂತು. ನಾನು ಬ್ರೋ ಅಲ್ಲ ಅಂತಾನೂ ಹೇಳ್ದೆ. "ನಾನೂ ಅಲ್ಲ" ಅಂತ ಬಂತು!!


ಏಪ್ರಿಲ್ 6, ಸೋಮವಾರ

ಮೆಷಿನ್ ಬಂತು. ಕಿವಿ ಹಿಂದೆ ಕೂರತ್ತೆ, ಗೋಡಂಬಿಯಷ್ಟಿದೆ. ಬ್ಯಾಟರಿ ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದು. ಪವರ್ ಎಷ್ಟು ಅಂತ ಕೇಳ್ದೆ, ಮೇಡಂ ಹೇಳಿದ್ದರಲ್ಲಿ ಪಾಯಿಂಟ್ ಆದ್ಮೇಲೆ ಸೊನ್ನೆಗಳೇ ಇದ್ವು.

ಹೊರಗೆ ಬಂದ್ವಿ. ಚಿಕ್ಕಮ್ಮ ಕಾರಲ್ಲಿ ಡ್ರೈವರ್ ಸೀಟಲ್ಲಿ ಕೂತ್ಲು, ಓಡಿಸೋಕಲ್ಲ, ಸುಮ್ನೆ. ಎಂಜಿನ್ ಇಲ್ಲ, ಹಾಡು ಇಲ್ಲ. ಕೀ ಅರ್ಧ ತಿರುಗ್ಸಿದ್ಲು, ಅಭ್ಯಾಸಬಲದಲ್ಲಿ ಇಂಡಿಕೇಟರ್ ಕಡ್ಡಿ ಕೆಳಗೆ ತಳ್ಳಿದ್ಲು.

ಟಿಕ್. ಟಿಕ್. ಟಿಕ್.

ಅವಳ ಕೈ ಅಲ್ಲೇ ನಿಂತ್ಕೊಳ್ತು. "ಇದು ಯಾವಾಗಿಂದ ಹೀಗೆ ಅಂತಿದೆ?"

"ಮೊದ್ಲಿಂದಾನೂ."

"ಆಫ್ ಮಾಡೋಕೆ ಮರೀತೀರ ಅಂತ ಎಷ್ಟು ಜನಕ್ಕೆ ಬೈದಿದ್ದೀನಿ ಕಣೆ. ನಾನೇ ಬೀದಿಗಟ್ಲೆ ಹಾಕ್ಕೊಂಡು ಓಡಾಡ್ತಿದ್ನಾ?"

"ದಿಬ್ಬಣದ ಹಾಗೆ."

ಕಡ್ಡಿ ಮೇಲೆ ತಳ್ಳಿದ್ಲು. ಟಿಕ್ ಟಿಕ್. ಕೆಳಗೆ. ಟಿಕ್ ಟಿಕ್. ಮಗು ಗಿಲಕಿ ಆಡ್ಸೋ ಹಾಗೆ. ಕಣ್ಣಿಂದ ನೀರು ಇಳೀತಿತ್ತು, ಒರೆಸ್ಕೊಳ್ಳೋ ಗೋಜಿಗೇ ಹೋಗ್ಲಿಲ್ಲ. ದೂರದಲ್ಲಿ ಎಲ್ಲೋ ಒಂದು ಸೈಕಲ್ ಬೆಲ್ ಹೊಡೀತು, ನನಗಿಂತ ಮೊದ್ಲು ಅವಳು ತಿರುಗಿದ್ಲು.

ನಾಳೆ ಟೆಸ್ಟು. ಏನಾಗತ್ತೋ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ, ಆದ್ರೂ ಬೇಕರಿಯವರಿಗೆ "ಬೂಟು ಹಾಕ್ಕೊಂಡು ಬರ್ಬೇಡಿ, ತೆಳು ಚಪ್ಪಲಿ ಹಾಕ್ಕೊಳ್ಳಿ, ಕಾಲಿಗೂ ಕೇಳೋದು ಕಲಿಸ್ತೀನಿ" ಅಂತ ಮೆಸೇಜ್ ಹಾಕಿದ್ದಾಳೆ.

ಗ್ರೂಪಲ್ಲಿ ಹಾಕೋಕೆ ಅಂತ ಒಂದು ಬರ್ದಿದ್ದೀನಿ. ಹಾಕೋಕೆ ಮುಂಚೆ ಇಲ್ಲಿ ಇಡ್ತೀನಿ: ಡಬ್ಬದ ಮೇಲಿನ ನಂಬರ್ ಬಿಡಿ, ಫ್ಯೂಸಿನ ನಂಬರೂ ಬಿಡಿ. ತೊಗರಿಬೇಳೆಯಷ್ಟು ಬ್ಯಾಟರಿ, ಇಂಡಿಕೇಟರಿನ ಒಂದು ಟಿಕ್, ಅಷ್ಟರಲ್ಲಿ ಒಬ್ಬ ಹೆಂಗಸನ್ನ ಇಡೀ ಬೀದಿಗೆ ವಾಪಸ್ ಕರ್ಕೊಂಡು ಬಂದಿದ್ದನ್ನ ನಾನು ಇವತ್ತು ಕಣ್ಣಾರೆ ನೋಡ್ದೆ. ನಿಮ್ಮ ಮೂರು ಸಾವಿರ ವ್ಯಾಟಲ್ಲಿ ಯಾರಾದ್ರೂ ಅಷ್ಟು ಮಾಡಿ ತೋರಿಸ್ತೀರಾ?